ನಾಲ್ವರು ವೀರರೂ ಒಬ್ಬ ಡ್ರಾಯಿಂಗ್ ಮಾಸ್ತರರೂ

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮಗ್ಗಕ್ಕೆ ಸಿಕ್ಕು ಮುರಿದದ್ದು ಹಾಗೇ ಕೂಡಿಕೊಂಡಿತ್ತು. ಚಿತ್ರ ಬರೆಯುವಾಗ ಅದೊಂದೇ ನೆಟ್ಟಗೆ ನಿಂತಿರುತ್ತಿತ್ತು. ಇಳಕಲ್ಲಿನಲ್ಲಿ ನಮ್ಮ ಡ್ರಾಯಿಂಗ್ ಮಾಸ್ತರರ ಕತೆ ಹೇಳುವವರೆಲ್ಲ ಆ ಬೆರಳಿನಿಂದಲೇ ಶುರು ಮಾಡುತ್ತಾರೆ: ಬೆರಳಿನಂತೆಯೇ ಮನುಷ್ಯ, ಬಗ್ಗಲಿಲ್ಲ; ಹೆಡ್‌ಮಾಸ್ತರರ ಮೇಲಿನ ಸಿಟ್ಟನ್ನು ಮಕ್ಕಳ ಕೈಯಲ್ಲಿ ಬರೆಸಿ ನೌಕರಿ ಕಳೆದುಕೊಂಡ. ಕೇಳಲು ಚೆನ್ನಾಗಿದೆ. ಸಾಕ್ಷಿ ಎಲ್ಲಿ? ಹೇಳುವವರಲ್ಲಿ ಹೆಡ್‌ಮಾಸ್ತರರನ್ನು ಬಿಟ್ಟರೆ ಒಬ್ಬರೂ ಅಲ್ಲಿರಲಿಲ್ಲ. ನಾನಿದ್ದೆ.

ಬಗ್ಗದವರಂತೆ! ಅವರಷ್ಟು ಸುಲಭಕ್ಕೆ ಸೋಲುವವರನ್ನು ನಾನು ಕಂಡಿಲ್ಲ. ಚಿತ್ರದಲ್ಲಿ ವೀರನ ಮೂಗು ಉದ್ದವಾಯಿತೆಂದು ಯಾವ ಮಗು ತಕರಾರು ತೆಗೆದರೂ ನಕ್ಕು, ಅಲ್ಲೇ ಕೆಳಗೊಂದು ಮೀಸೆ ಹಚ್ಚಿ ಒಪ್ಪಿಸುತ್ತಿದ್ದರು. ರಬ್ಬರ್ ಮಾತ್ರ ಮುಟ್ಟಗೊಡುತ್ತಿರಲಿಲ್ಲ. “ತಪ್ಪು ಗೆರಿನ್ನ ಅಳಸಬ್ಯಾಡವಾ, ಅದಕ್ಕೊಂದು ಕೆಲಸ ಹುಡುಕು” ಎನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಒಂಬತ್ತನೆಯ ಇಯತ್ತೆ. ಶಾಲೆಯ ಗೋಡೆಪತ್ರಿಕೆಗೆ ವಾರಕ್ಕೊಂದು ಪುಟದ ಚಿತ್ರಕತೆ ಬರೆಯೋಣವೆಂದು ಮಾಸ್ತರರು ನಮ್ಮಲ್ಲಿ ನಾಲ್ವರನ್ನು ಆರಿಸಿದರು. ಬಾದಾಮಿಯ ಬಂಡೆಗಳ ಹಿಂದೆ ಒಂದು ಗುಪ್ತ ಗವಿ. ಅಲ್ಲಿ ನಾಲ್ವರು ವೀರರು. ಒಬ್ಬ ಹಾರುವವನು, ಅವನೇ ನಾಯಕ. ಒಬ್ಬ ಬೆಟ್ಟ ಎತ್ತುವವನು, ಒಬ್ಬ ಕಣ್ಣಿಗೆ ಕಾಣದವನು. ಗೋಡೆಯಾಚೆ ನೋಡುವವಳು ನನ್ನ ಪಾಲಿಗೆ ಬಂದಳು. ಮೊದಲ ಪುಟದಲ್ಲೇ ಗವಿಯ ಗುಟ್ಟು ವೈರಿಗೆ ತಿಳಿದುಬಿಡುತ್ತದೆ. ನಾಲ್ವರಲ್ಲಿ ಹೇಳಿದವರು ಯಾರು?

ಅದು ನಮಗೂ ಗೊತ್ತಿರಲಿಲ್ಲ. ಮಾಸ್ತರರ ಪದ್ಧತಿಯೇ ಹಾಗಿತ್ತು. ನಮ್ಮೂರ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಆಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮಾಸ್ತರರು ನೇಕಾರರ ಮನೆಯವರು, ಕತೆಯನ್ನೂ ಹಾಗೇ ನೇಯಿಸಿದರು. ಒಬ್ಬೊಬ್ಬರೂ ತಮ್ಮ ವೀರನ ಮಾತನ್ನಷ್ಟೇ ಚೀಟಿಯಲ್ಲಿ ಬರೆದು ಅವರಿಗೆ ಕೊಡಬೇಕು, ಇನ್ನೊಬ್ಬರದು ನೋಡಬಾರದು. ಅವರು ಕೂಡಿಸಿ, ಚಿತ್ರ ಬರೆದು, ಅಕ್ಷರಗಳನ್ನೂ ತಾವೇ ತುಂಬಿಸುತ್ತಿದ್ದರು. ಸೋಮವಾರ ಗೋಡೆಯ ಮುಂದೆ ನಿಂತಾಗಲೇ ಯಾರು ಯಾರನ್ನು ದ್ರೋಹಿ ಅಂದಿದ್ದಾರೆಂದು ನಮಗೆ ತಿಳಿಯುವುದು.

ಮೂರು ವಾರಕ್ಕೆ ನಾವು ಬುತ್ತಿ ಹಂಚಿಕೊಳ್ಳುವುದು ಬಿಟ್ಟೆವು.

“ನನ್ನ ನಾಯಕನ ಮ್ಯಾಲೆ ಯಾಕ ಸಂಶೇ ನಿನಗ?” ಎಂದು ನಾಯಕನ ಮಾತು ಬರೆಯುತ್ತಿದ್ದ, ಗುಡೂರಿನಿಂದ ಬಸ್ಸಿಗೆ ಬರುತ್ತಿದ್ದ ಹುಡುಗ ಅಡ್ಡಗಟ್ಟಿದ.

“ನಿನ್ನ ನಾಯಕ ಊರೆಲ್ಲ ಹಾರ್ತಾನ, ಉತ್ತರ ಕೊಡಾಕ ಮಾತ್ರ ಕೆಳಗ ಇಳಿಯಂಗಿಲ್ಲ” ಎಂದೆ.

ಜಗಳ ಮಾಸ್ತರರವರೆಗೆ ಹೋಯಿತು. ಅವರು ಪೆನ್ಸಿಲ್ ಹೆರೆಯುತ್ತಲೇ ಇದ್ದರು. “ಒಡಲಿನ ಬಣ್ಣ ಸೆರಗಿಗೆ ಯಾಕ ಬೇಕು? ಎಳಿ ಗಟ್ಟಿ ಇದ್ರ ಕೊಂಡಿ ಹಿಡೀತದ. ಜಗಳಾಡ್ರಿ, ಆದ್ರ ಚೀಟಿ ಮಾತ್ರ ವ್ಯಾಳ್ಯಾಕ್ಕ ಕೊಡ್ರಿ.”

ಆರನೆಯ ವಾರ ನಾಯಕ ಘೋಷಿಸಿದ: ನಾನು ಹೇಳಿದ್ದೇ ನಿಜ, ಯಾರೂ ಪ್ರಶ್ನಿಸಕೂಡದು. ಅದರ ಪಕ್ಕದ ಚೌಕದಲ್ಲಿ ಮಾಸ್ತರರು ಕೂಡಿಸಿದ್ದು, ಅವನ ಚೀಟಿ ನೋಡದೆಯೇ ನಾನು ಬರೆದಿದ್ದ ನನ್ನವಳ ಮಾತು: “ನೀ ನಾಯಕ ಅಂತ ನಂಬಬೇಕೋ, ಖರೆ ಹೇಳ್ತಿ ಅಂತ ನಂಬಬೇಕೋ?” ನಾನು ಬಾಗಲಕೋಟೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದ ಹೊಸತು, ಆ ಸಾಲಿಗೆ ನಾನೇ ಬೆರಗಾಗಿದ್ದೆ. ಆದರೆ ಅದೇ ವಾರ ಶಿಕ್ಷಕರ ಸಭೆಯಲ್ಲಿ ಹೆಡ್‌ಮಾಸ್ತರರನ್ನು ಯಾರೋ ಇದೇ ಧಾಟಿಯಲ್ಲಿ ಕೇಳಿದ್ದರಂತೆ. ನಮಗೇನು ಗೊತ್ತು?

ಮಧ್ಯಾಹ್ನ ಮಾಸ್ತರರಿಗೆ ಹೆಡ್‌ಮಾಸ್ತರರಿಂದ ಕರೆ ಬಂತು. ನಾವು ನಾಲ್ವರೂ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆವು.

“ಈ ಮಾತು ಬರದವರು ಯಾರು? ಹೆಸರು ಹೇಳ್ರಿ, ಸಾಲಿಯಿಂದ ತಗೀತೇನಿ. ಹೇಳದಿದ್ರ ನಿಮ್ಮ ಕಾಯಂ ಆಗೋ ಕಾಗದಕ್ಕ ನಾ ಸಹಿ ಮಾಡಂಗಿಲ್ಲ.”

ಆರು ವರ್ಷ ಅವರು ಆ ಸಹಿಗೆ ಕಾದಿದ್ದರು.

“ಕೊಂಡಿ ಹಾಕಿದ ಕೈ ನಂದ್ರಿ” ಎಂದರು ಮಾಸ್ತರರು. “ಸೀರಿ ಸರಿ ಬರಲಿಲ್ಲಂದ್ರ ನೇಕಾರನ್ನ ಕೇಳ್ರಿ. ಎಳಿನ್ನ ಕೇಳಬ್ಯಾಡ್ರಿ.”

ನಾನು ಹೊಸ್ತಿಲು ದಾಟಿದೆ. ಅವರು ತಿರುಗಿ ನೋಡಿದರು. “ವಕೀಲವ್ವಾ, ಗಂಟಿ ಹೊಡೀತು. ಕ್ಲಾಸಿಗೆ ನಡಿ.” ಎಂಥ ವಾದಕ್ಕೂ ಉತ್ತರ ಹೊಂದಿಸುತ್ತಿದ್ದ ನಾನು ಕ್ಲಾಸಿಗೆ ನಡೆದೆ.

ಮರುವರ್ಷ ಅವರು ಶಾಲೆಯಲ್ಲಿರಲಿಲ್ಲ. ಹುನಗುಂದದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಕಾಲೇಜಿಗೆ ಸೇರಿದ ಮೇಲೆ ಒಮ್ಮೆ ಹೋಗಿ ಜಗಳ ತೆಗೆದೆ: “ಸರ್, ಜನ ನಿಮ್ಮನ್ನ ಜಗಳಗಂಟ ಅಂತಾರ. ಖರೆ ಹೇಳ್ರಿ ಅವರಿಗೆ.”

ಏಣಿಯ ಮೇಲಿಂದ ಇಳಿಯದೆ ಹೇಳಿದರು: “ಹೇಳಿದ್ರ ನಿನಗ ಅಂತಾರ. ಅನ್ನಾಕ ಅವರಿಗೆ ಒಬ್ಬರು ಬೇಕ ಬೇಕು. ನಿನ್ನ ಓದು ಮುಗೀಲಿ ತಡಿ.”

ಓದು ಮುಗಿಯಿತು. ಆ ಗೋಡೆಪತ್ರಿಕೆಗೆ ಈಗ ಹತ್ತು ವರ್ಷ. ಹೋದ ತಿಂಗಳು ಮಾಸ್ತರರೂ ಹೋದರು, ಕಾಮಾಲೆಯಾಗಿ, ಐವತ್ತೂ ತುಂಬದೆ. ಶಾಲೆಯವರು ಶ್ರದ್ಧಾಂಜಲಿ ಸಭೆ ಮಾಡಿದರು. ನಿವೃತ್ತರಾಗಿದ್ದ ಹೆಡ್‌ಮಾಸ್ತರರೇ ಅಧ್ಯಕ್ಷರು. ಒಳ್ಳೆಯ ಕಲಾವಿದ, ಆದರೆ ತನ್ನ ಸಿಟ್ಟನ್ನು ಮಕ್ಕಳ ಕೈಯಲ್ಲಿ ಬರೆಸಿದ, ಎಂದರು ಅವರು. ಸಭೆ ತಲೆಯಾಡಿಸಿತು.

ನಾನು ಎದ್ದು ನಿಂತೆ. ಯಾರೋ ಸೆರಗು ಜಗ್ಗಿದರು; ಕೂರಲಿಲ್ಲ.

“ಸರ್, ಆ ಸಾಲು ಬರದಾಕಿ ನಾನ್ರಿ. ಅವರು ಹೇಳಿ ಬರಸಿದ್ದಲ್ಲ. ನಿಮ್ಮನ್ನ ನೆನಸಿಕೊಂಡು ಬರದದ್ದೂ ಅಲ್ಲ. ಹೆಸರು ಕೇಳಿದ್ರಲ್ಲ, ತಗೋರಿ. ಈಗ ನೀವು ಹೇಳ್ರಿ: ಆ ಮಾತು ನಿಮಗ ಅಂದದ್ದು ಅಂತ ನಿಮಗ ಯಾಕ ಅನಿಸ್ತ್ರಿ?”