ನನ್ನ ಮಗಳಿಗೆ ಗಂಜಿ ಇಷ್ಟವಂತೆ

ನನ್ನ ಮಗಳಿಗೆ ಗಂಜಿ ಎಂದರೆ ಪ್ರಾಣ. ಹೋದ ತಿಂಗಳವರೆಗೆ ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಸತ್ಯ ಇದು.

ಅನ್ವಿಗೆ ನಾಲ್ಕು ವರ್ಷ. ಉಳಿದ ಮಕ್ಕಳು ನೂಡಲ್ಸ್ ಎಂದು ಹಟ ಹಿಡಿಯುವ ಹೊತ್ತಿಗೆ ಇವಳು ಅಜ್ಜಿಯ ಪಕ್ಕ ಕುಳಿತು, ಅಜ್ಜಿ ಕೈಯಲ್ಲೇ ಹಿಚುಕಿ ಕೊಟ್ಟ ಕುಚ್ಚಲಕ್ಕಿ ಗಂಜಿ ಉಣ್ಣುತ್ತಾಳೆ. ನನ್ನ ಅಮ್ಮನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹೋಯಿತು. ಕಾರ್ಕಳದ ಮದುವೆಯೊಂದರಲ್ಲಿ ಅಮ್ಮ ಗುರುತೇ ಇಲ್ಲದ ಹೆಂಗಸೊಬ್ಬರನ್ನು ಹಿಡಿದು ನಿಲ್ಲಿಸಿದರು. "ನಮ್ಮ ಬಾಲೆಗೆ ಬೇಕರಿ ತಿಂಡಿ ಬೇಡವೇ ಬೇಡ. ಗಂಜಿ ಆದ್ರೆ ಆಯ್ತು. ರಕ್ತದಲ್ಲೇ ಉಂಟು!"

(ನಾನೂ ಪಕ್ಕದಲ್ಲಿ ನಿಂತು ಸಣ್ಣಗೆ ನಕ್ಕೆ. ಹೆಮ್ಮೆ ಯಾರಿಗೆ ಬೇಡ?)

ಆಮೇಲೆ ಒಂದು ಬೆಳಿಗ್ಗೆ ಅನ್ವಿಯ ಎಡಗೆನ್ನೆ ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿತ್ತು.

ಕಾಪುವಿನಿಂದ ಮಣಿಪಾಲಕ್ಕೆ ಓಡಿದೆವು. ಅಮ್ಮ, ಹೆಂಡತಿ ಸುಮಾ, ನಾನು, ಅನ್ವಿ. ಮಕ್ಕಳ ಹಲ್ಲಿಗೇ ಬೇರೆ ಡಾಕ್ಟರ್ ಇರುತ್ತಾರೆ ಎನ್ನುವುದೂ ನನಗೆ ಅಂದೇ ಗೊತ್ತಾದದ್ದು. ಆಕೆ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಎಡಗಡೆ ಎರಡು ದವಡೆಹಲ್ಲುಗಳಲ್ಲಿ ಕಪ್ಪು ಗುಳಿ. ಒಂದರ ಬೇರಿನಲ್ಲಿ ಕೀವು. ಬಲಗಡೆಯೂ ಹುಳುಕು ಶುರುವಾಗಿದೆ.

"ಇಷ್ಟು ಆಗುವವರೆಗೆ ನೋವು ಅಂತ ಹೇಳ್ಲಿಲ್ವಾ?"

"ಇಲ್ಲ ಡಾಕ್ಟ್ರೇ," ಎಂದರು ಅಮ್ಮ. "ಚೆಂದ ಊಟ ಮಾಡ್ತಾಳೆ. ಗಂಜಿ ಅಂದ್ರೆ ಪ್ರಾಣ."

ಡಾಕ್ಟರರ ಕೈ ನಿಂತಿತು. ಅವರು ಅನ್ವಿಯ ಕಡೆ ಬಗ್ಗಿದರು. "ಚಕ್ಕುಲಿ ಇಷ್ಟ ಉಂಟಾ ಪುಟ್ಟ?"

"ಉಂಟು." ಅನ್ವಿ ಸ್ವಲ್ಪ ಯೋಚಿಸಿದಳು. "ಆದ್ರೆ ನಾನು ಕಚ್ಚಿದ್ರೆ ಅದೂ ಕಚ್ತದೆ."

ಡಾಕ್ಟರ್ ನಮ್ಮ ಕಡೆ ತಿರುಗಿದರು.

ಯಾವಾಗಿನಿಂದ ಬರೀ ಗಂಜಿ? ದೀಪಾವಳಿಯಿಂದ, ಎಂದರು ಅಮ್ಮ. ಎಲ್‌ಕೆಜಿ ಸೇರಿದ ಮೇಲೆ, ಎಂದಳು ಸುಮಾ. ಮೊದಲಿನಿಂದಲೂ, ಎಂದೆ ನಾನು. ಫೋನು ತೆಗೆದು ಹಳೆಯ ಫೋಟೋ ಹುಡುಕಿದೆ. ಕಾಪು ಬೀಚಿನಲ್ಲಿ ಸುಟ್ಟ ಜೋಳದ ತೆನೆ ಕಚ್ಚುತ್ತಿರುವ ಅನ್ವಿ! ಅಂದರೆ ನಡುವೆ ಎಲ್ಲೋ ಒಂದು ದಿನ ಅವಳು ಜೋಳ ಬಿಟ್ಟಿದ್ದಾಳೆ. ನಾವು ಅದನ್ನು ನೋಡಲೇ ಇಲ್ಲ. ಅದರ ಜಾಗದಲ್ಲಿ ಒಂದು ಕಥೆ ಕಟ್ಟಿದೆವು. ಚೆಂದದ ಕಥೆ. ಚೆಂದ ಇದ್ದುದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ.

ಬ್ರಶ್ ಯಾರು ಮಾಡಿಸುವುದು? "ಅವಳೇ ಮಾಡ್ತಾಳೆ." ಇದು ನಮ್ಮ ಇನ್ನೊಂದು ಹೆಮ್ಮೆ. (ಏಳೆಂಟು ವರ್ಷದವರೆಗೂ ದೊಡ್ಡವರೇ ಉಜ್ಜಬೇಕಂತೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಇವಳ ಪ್ರಾಯಕ್ಕೆ ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು.) ಮಲಗಿಸುವಾಗ ಬಾಟ್ಲಿಯಲ್ಲಿ ಸಕ್ಕರೆ ಹಾಲು ಕೊಡುವ ಅಭ್ಯಾಸ ಇತ್ತಾ? ನಾವೆಲ್ಲರೂ ಗೋಡೆ ನೋಡಿದೆವು. ಅಲ್ಲಿ ಕಾರ್ಟೂನ್ ಹಲ್ಲೊಂದು ಸೊಂಟಕ್ಕೆ ಕೈಯಿಟ್ಟು ನಗುತ್ತಿತ್ತು.

"ಮೊದಲು ಮದ್ದು ಕೊಟ್ಟು ಬಾವು ಇಳಿಸುವ. ಮತ್ತೆ ಬೇರು ಕ್ಲೀನ್ ಮಾಡಿ ಸ್ಟೀಲಿನ ಕ್ಯಾಪ್ ಹಾಕುವ."

ಅಮ್ಮ ನನ್ನ ಕಡೆ ತಿರುಗಿದರು. "ಹಾಲುಹಲ್ಲಿಗೆ ಟೊಪ್ಪಿಯಾ ಮಾರಾಯ? ಹೇಗೂ ಬೀಳುವ ಹಲ್ಲು!"

"ದವಡೆಹಲ್ಲು ಬೀಳ್ಬೇಕಾದ್ರೆ ಇವಳಿಗೆ ಹತ್ತು ಹನ್ನೊಂದು ವರ್ಷ ಆಗ್ಬೇಕು ಅಮ್ಮ," ಎಂದರು ಡಾಕ್ಟರ್. "ಅಲ್ಲಿವರೆಗೆ ಗಂಜಿಯಾ?"

ಹೇಗೂ ಬೀಳುವುದು. ಎಂಥ ಆರಾಮದ ಮಾತು! ಮಳೆಗಾಲಕ್ಕೆ ಹೇಗೂ ಹೊಂಡ ಬೀಳುತ್ತದೆ ಎಂದು ರಸ್ತೆ ರಿಪೇರಿ ಮಾಡದವರನ್ನು ನಾವು ದಿನಾ ಬೈಯುತ್ತೇವೆ. ನಾಲ್ಕು ವರ್ಷದ ಬಾಯಿಗೆ ಅದೇ ಕಾನೂನು ಹಾಕುತ್ತೇವೆ. ಮಗು ಅಳಲಿಲ್ಲ, ನಿಜ. ಅಳದಿದ್ದರೆ ನೋವಿಲ್ಲ ಎಂದು ನಮಗೆ ಹೇಳಿದವರು ಯಾರು? ಅದು ತನ್ನ ಪಾಡಿಗೆ ಮೆತ್ತಗಿನ ದಾರಿ ಹುಡುಕಿಕೊಂಡಿತ್ತು. ನಾವು ಅದಕ್ಕೆ ಇಷ್ಟ ಎಂದು ಹೆಸರಿಟ್ಟೆವು.

ಬಾವು ಇಳಿಯಿತು. ಬಲಗಡೆಯ ಹುಳುಕಿಗೆ ಫಿಲ್ಲಿಂಗ್ ಆಯಿತು. ಈಗ ಅನ್ವಿಯ ಬಾಯಲ್ಲಿ ಎರಡು ಬೆಳ್ಳಿಬಣ್ಣದ ಹಲ್ಲುಗಳಿವೆ. ಗ್ಯಾಸ್ ತರುವವರಿಗೂ 'ಆ' ಮಾಡಿ ತೋರಿಸುತ್ತಾಳೆ.

ಮೊನ್ನೆ ಸಂಜೆ ಅಮ್ಮ ಎಂದಿನಂತೆ ಬಟ್ಟಲು ಇಟ್ಟರು. ಅನ್ವಿ ಅದನ್ನು ಬದಿಗೆ ಸರಿಸಿದಳು. "ಗಂಜಿ ಬೇಡ. ಚಕ್ಕುಲಿ."

ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ, ಕಟುಂ! ಎಡಗಡೆಯಿಂದಲೇ. ಮತ್ತೊಮ್ಮೆ, ಕಟುಂ! ಅಮ್ಮ ನಕ್ಕೇಬಿಟ್ಟರು. ತಾವೂ ಒಂದು ಚಕ್ಕುಲಿ ತೆಗೆದುಕೊಂಡರು. ಮುರಿದು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಲಿ ಎಂದು ಕಾದು ಕುಳಿತರು.

"ಹಾಗೇ ಕಚ್ಚು ಅಜ್ಜಿ!"

"ನಂಗೆ ಹೀಗೇ ಇಷ್ಟ ಮಗಾ."

ಯಾವಾಗಿನಿಂದ, ಅಮ್ಮ?