ಫ್ಯಾನಿಲ್ಲದ ಜೋಡಿಗೆ ಸೆಕೆಯಾದಾಗ

ನರಗುಂದದ ನಮ್ಮ ಮನೆಯಲ್ಲಿ ಹೊರಗಿನ ಖೋಲಿ ಒಂದೇ, ಅಲ್ಲಿ ನಡೆಯುವ ಕಸುಬು ಎರಡು. ಒಂದು ಮೂಲೆಯಲ್ಲಿ ನನ್ನ ಕಂಪ್ಯೂಟರ್. ರೋಣ, ಗಜೇಂದ್ರಗಡದ ಕಡೆಯ ಮದುವೆಗಳ ವಿಡಿಯೋ ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಕೊಡುವುದು ನನ್ನ ಕೆಲಸ. ಎದುರಿನ ಮೂಲೆಯಲ್ಲಿ ನನ್ನ ಹೆಂಡತಿಯ ಮೈಕು. ಕಣ್ಣು ಕಾಣದ ಮಕ್ಕಳಿಗಾಗಿ ಆಕೆ ಶಾಲೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ಮೊಬೈಲಿನಲ್ಲಿ ಮಾಡಿದ್ದು ನಡೆಯುವುದಿಲ್ಲ ಎಂದು ಓದಲು ಪಾಠ ಕಳಿಸುವ ಸಂಸ್ಥೆಯವರು ಮೊದಲೇ ಹೇಳಿದ್ದರು. ಹಾಗಾಗಿ ಆಕೆಯ ಮೈಕಿನ ತಂತಿಯೂ ನನ್ನ ಕಂಪ್ಯೂಟರಿಗೇ ಬಂದು ಸೇರುತ್ತದೆ. ಮದುವೆ ಸುಗ್ಗಿಯಲ್ಲಿ ಆ ಮಷೀನಿಗೆ ಹಗಲೆಲ್ಲ ಬಿಡುವಿರುವುದಿಲ್ಲ. ಜೋಡಿಸಿದ ವಿಡಿಯೋ ಪೂರ್ತಿ ತಯಾರಾಗಲು ತಾಸುಗಟ್ಟಲೆ ಬೇಕು, ಅದಕ್ಕೆ ನಾನು ಬೇಯುವುದು ಎನ್ನುತ್ತೇನೆ. ಒಂದು ಕಡೆ ಅದು ಬೇಯುತ್ತಿರುವಾಗಲೇ ಆಕೆ ಓದಬೇಕು.

ಆಕೆಯ ಪಾಠ ಎರಡು ಸಲ ತಿರುಗಿ ಬಂತು. ಓದು ಚೆನ್ನಾಗಿದೆ, ಹಿಂದೆ ಗುಂಯ್ ಎನ್ನುವ ಸದ್ದಿದೆ. ಮೂರನೆಯ ಸಲವೂ ಹೀಗೇ ಆದರೆ ಬೇರೆಯವರಿಂದ ಓದಿಸುತ್ತೇವೆ ಎಂದು ಫೋನಿನಲ್ಲಿ ಮೃದುವಾಗಿಯೇ ಹೇಳಿದರು. ಮದುವೆಯಾದ ಮೇಲೆ ತನ್ನದು ಅಂತ ಆಕೆಗೆ ಸಿಕ್ಕ ಮೊದಲ ಕೆಲಸ ಅದು. ಅದು ಕೈಬಿಟ್ಟು ಹೋದರೆ ಕಾರಣ ನನ್ನ ಮಷೀನು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಗುಂಯ್ ಎನ್ನುತ್ತಿದ್ದುದು ಗ್ರಾಫಿಕ್ಸ್ ಕಾರ್ಡಿನ ಫ್ಯಾನು. ಚಿತ್ರಗಳ ಭಾರವನ್ನೆಲ್ಲ ಹೊರುವುದು ಆ ಕಾರ್ಡೇ. ಭಾರ ಹೊತ್ತಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಫ್ಯಾನು ಚೀರುತ್ತದೆ. ಗಜೇಂದ್ರಗಡದಲ್ಲಿ ಕಂಪ್ಯೂಟರ್ ಅಂಗಡಿ ಮುಚ್ಚುತ್ತಿದ್ದವನೊಬ್ಬನ ಬಳಿ ಫ್ಯಾನೇ ಇಲ್ಲದ ಕಾರ್ಡುಗಳಿವೆ ಎಂದು ಕೇಳಿ ಬಸ್ ಹತ್ತಿದೆ. ಕಾವು ತಾನೇ ಹೊರಹೋಗಲೆಂದು ಕಾರ್ಡಿನ ಮೈತುಂಬ ಅಲ್ಯುಮಿನಿಯಂ ಪಟ್ಟಿಗಳು, ಹಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ. ಒಂದರಿಂದ ನನ್ನ ಕೆಲಸ ಸಾಗುವಂತಿರಲಿಲ್ಲ. ಅವನಿಗೂ ಬಿಡಿ ಮಾರುವ ಮನಸ್ಸಿರಲಿಲ್ಲ.

"ಜೋಡೀನ ಒಯ್ರಿ. ಒಂದನ್ನ ಬಿಟ್ಟು ಒಂದ ದುಡಿಯಂಗಿಲ್ಲ," ಎಂದ.

ಚಿಕ್ಕನರಗುಂದದ ಹೊಲದಿಂದ ಆ ವಾರ ಅಪ್ಪ ಬಂದಿದ್ದರು. ಕಾರ್ಡುಗಳನ್ನು ಕೈಯಲ್ಲಿ ತೂಗಿ ನೋಡಿದರು. "ಫ್ಯಾನ್ ಇಲ್ಲಂದ್ರ ಇವು ಬೆವರು ಹ್ಯಾಂಗ ಆರಿಸಿಕೋತಾವೋ?" ಎಂದರು.

"ತಾವ ತಣ್ಣಗ ಆಗ್ತಾವಪ್ಪಾ," ಎಂದೆ. ಎಷ್ಟು ಜೋರಿನಿಂದ ಹೇಳಿದೆನೆಂದರೆ ನನಗೂ ನಂಬಿಕೆ ಬಂದುಬಿಟ್ಟಿತು.

ಮೊದಲ ದಿನ ಮಷೀನು ಚಾಲೂ ಇದೆಯೋ ಇಲ್ಲವೋ ಎಂದು ದೀಪ ನೋಡಿಯೇ ತಿಳಿಯಬೇಕಿತ್ತು. ಹೆಂಡತಿ ಎಂದಿನಂತೆ ಖೋಲಿಯ ಬಾಗಿಲು ಕಿಟಕಿಗಳಿಗೆ ಕೌದಿಗಳನ್ನು ತೂಗುಹಾಕಿದಳು. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ನಮ್ಮ ಕೌದಿಗಳು ಬೀದಿಯ ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಮಾಡಿನ ಫ್ಯಾನನ್ನೂ ಆರಿಸಿ ಓದಲು ಕುಳಿತಳು. ಪಾಠ ಮುಕ್ಕಾಲು ಮುಗಿದಿತ್ತು, ಪರದೆ ಕಪ್ಪಾಯಿತು. ಬಿಸಿ ತಾಳಲಾರದೆ ಮಷೀನು ತಾನೇ ಆರಿಹೋಗಿತ್ತು. ಓದಿದ್ದೆಲ್ಲ ಅದರೊಂದಿಗೇ ಹೋಯಿತು.

ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಬೆರಳು ತಾಗಿಸಿದೆ. ಕೆಳಗಿನ ಕಾರ್ಡು ಬೆಚ್ಚಗಿತ್ತು. ಮೇಲಿನದು ರೊಟ್ಟಿಯ ಹಂಚು! ಬೆರಳು ಬಾಯಿಗೆ ಹೋಯಿತು. ಎರಡೂ ಒಂದೇ ಥರದವು, ಮಾಡುವ ಕೆಲಸವೂ ಒಂದೇ. ಮೇಲಿನದಕ್ಕೆ ಮಾತ್ರ ಯಾಕೆ ಈ ಜ್ವರ? ಅಳಬೇಕಾದ ಹೊತ್ತಿನಲ್ಲಿ ನನಗೆ ಖುಷಿಯಾಗತೊಡಗಿತು. ಒಗಟು ಸಿಕ್ಕರೆ ಸಾಕು, ನನ್ನ ಸ್ವಭಾವವೇ ಅಂಥದ್ದು.

"ನನ್ನ ಪಾಠ ಹಾಳಾಗಿ ಹೋತು, ನಿಮಗ ನಗಿ ಬರಾಕತ್ತೈತಿ?" ಎಂದಳು ಹೆಂಡತಿ.

ಅಪ್ಪ ಒಂದು ದಾರಿ ಹೇಳಿದರು. "ಹೊಸಾ ಜೋಡಿ ಕಟ್ಟಿದಾಗ ಒಂದು ಎತ್ತು ದಣದ್ರ ಏನ್ ಮಾಡ್ತೀವಿ? ಬಲಕ್ಕಿದ್ದದ್ದನ್ನ ಎಡಕ್ಕ ಕಟ್ಟಿ ನೋಡ್ತೀವಿ. ಮ್ಯಾಲಿಂದು ಕೆಳಗ ಹಾಕು. ಅಲ್ಲೂ ದಣದ್ರ ಗಜೇಂದ್ರಗಡದಾವ ನಿನಗ ಮುದಿ ಎತ್ತ ಕಟ್ಯಾನಂತ ತಿಳಕೋ."

ಅದಲು ಬದಲು ಮಾಡಿದೆ. ಮುದಿ ಎತ್ತೆಂದು ಅನುಮಾನಪಟ್ಟದ್ದು ಕೆಳಗೆ ಹೋಗಿ ತಣ್ಣಗೆ ಕುಳಿತುಬಿಟ್ಟಿತು. ಮೇಲೆ ಹೋದದ್ದು ಕಾಯತೊಡಗಿತು. ಕಾರ್ಡಿನಲ್ಲಿ ದೋಷವಿರಲಿಲ್ಲ, ಅದು ಕೂತ ಜಾಗದಲ್ಲಿತ್ತು. ಗಜೇಂದ್ರಗಡದವನನ್ನು ಬಯ್ಯುವ ಅವಕಾಶ ತಪ್ಪಿದ್ದಕ್ಕೆ ಅಪ್ಪನಿಗೆ ಕೊಂಚ ಬೇಸರವೇ ಆಯಿತು.

ಹಾಗಾದರೆ ಆ ಜಾಗದಲ್ಲಿ ನಡೆಯುತ್ತಿರುವುದೇನು? ಗಾಳಿ ಕಣ್ಣಿಗೆ ಕಾಣುವುದಿಲ್ಲ. ದೇವರ ಮನೆಯಿಂದ ಊದಿನಕಡ್ಡಿ ತಂದು ಹಚ್ಚಿ ಕಾರ್ಡುಗಳ ಕೆಳಗೆ ಹಿಡಿದೆ. ಹೊಗೆ ಕೆಳಗಿನ ಕಾರ್ಡಿನ ಅಂಚು ದಾಟಿ ಮೇಲೆದ್ದಿತು, ಮೇಲಿನ ಕಾರ್ಡಿನ ಹೊಟ್ಟೆಗೆ ಬಡಿಯಿತು, ದಾರಿ ಕಾಣದೆ ಅಲ್ಲೇ ಸುಳಿಯತೊಡಗಿತು. ನೆಲದ ಮೇಲೆ ಕವುಚಿ ಮಲಗಿ ನೋಡುತ್ತಿದ್ದೆ. ಅಪ್ಪ ಬಂದರು.

"ಪೂಜಿ ಮಾಡಿದ್ರ ತಣ್ಣಗ ಆಗತೈತೇನೋ?"

"ಕಾಯಿ ಒಡಿಯೂದೊಂದು ಉಳದೈತ್ರಿ ಮಾವ," ಎಂದಳು ಹೆಂಡತಿ ಒಳಗಿನಿಂದ.

ಎಡವಟ್ಟು ನನ್ನದೇ. ಜೋಡಿ ಎಂದ ಕೂಡಲೇ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಎರಡನ್ನೂ ಕಾರ್ಡು ಸಿಕ್ಕಿಸುವ ಸಂದಿಗಳಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಕೂಡಿಸಿದ್ದೆ. ಎತ್ತುಗಳಾದರೆ ಭುಜಕ್ಕೆ ಭುಜ ತಾಗಿಸಿ ನಡೆಯುತ್ತವೆ. ಇಲ್ಲಿ ಒಂದು ಬಿಟ್ಟ ಬಿಸಿ ಉಸಿರನ್ನೇ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಕೆಳಗೆ ಇನ್ನೊಂದು ಸಂದಿ ಖಾಲಿ ಇತ್ತು. ಒಂದನ್ನು ಅಲ್ಲಿಗೆ ಇಳಿಸಿದೆ. ಬಿಸಿ ಸ್ವಲ್ಪ ತಗ್ಗಿತು, ಸಾಲಲಿಲ್ಲ. ಆಮೇಲೆ ಡಬ್ಬಿಯನ್ನೇ ಅಡ್ಡ ಮಲಗಿಸಿ ತಗಡು ಬಿಚ್ಚಿದ ಬಾಯಿ ಮೇಲಾಗಿ ತೆರೆದಿಟ್ಟೆ. ಈಗ ಕಾರ್ಡುಗಳು ನೆಟ್ಟಗೆ ನಿಂತವು. ಊದಿನಕಡ್ಡಿಯ ಹೊಗೆ ಎರಡರ ನಡುವಿನಿಂದ ನೇರ ಮಾಡಿಗೆ ಏರಿತು. ನಾನು ಹುಚ್ಚನ ಹಾಗೆ ಚಪ್ಪಾಳೆ ತಟ್ಟಿದೆ.

ಕೌದಿ ಹಾಕಿದ ಖೋಲಿಯೇ ಒಂದು ಒಲೆ ಎನ್ನುವುದು ಆ ಹೊಗೆ ಮಾಡಿನಲ್ಲಿ ಸಿಕ್ಕಿಬಿದ್ದಾಗಲೇ ತಿಳಿದದ್ದು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮೇಲೆ ಬೆಳಕಿಂಡಿ ಇದೆ, ಮಳೆಗೆಂದು ಅದಕ್ಕೆ ತಗಡು ಮುಚ್ಚಿ ಹಾಗೇ ಬಿಟ್ಟಿದ್ದೆವು. ಏಣಿ ಹಾಕಿ ಹತ್ತಿ ತಗಡು ಸರಿಸಿದೆ. ಹೊಗೆ ಆ ತೂತಿನಿಂದ ಆಕಾಶಕ್ಕೆ ಹೋಯಿತು.

ಹೆಂಡತಿ ಮತ್ತೆ ಓದಲು ಕುಳಿತಳು. ಮೂರನೆಯ ಮತ್ತು ಕೊನೆಯ ಅವಕಾಶ. ಒಂದು ಮದುವೆಯ ವಿಡಿಯೋ ಬೇಯಲು ಇಟ್ಟು, ಕಾರ್ಡುಗಳ ಬಿಸಿ ತೋರಿಸುವ ಅಂಕಿಯ ಮೇಲೆ ಕಣ್ಣು ನೆಟ್ಟು ಕುಳಿತೆ. ಅಂಕಿ ಏರಿತು, ಇನ್ನೂ ಏರಿತು, ಒಂದು ಕಡೆ ನಿಂತಿತು. ಆಮೇಲೆ ಏರಲೇ ಇಲ್ಲ. ಪಾಠ ಮುಗಿಯಿತು, ಪರದೆ ಬೆಳಗುತ್ತಲೇ ಇತ್ತು. ಅಂದೇ ಕಳಿಸಿಬಿಟ್ಟಳು.

ಮರುದಿನ ಫೋನು ಬಂತು. ಆಕೆ ಸ್ಪೀಕರ್ ಹಚ್ಚಿದಳು. ಆಚೆಯ ಹೆಣ್ಣುಮಗಳು ನಗು ತಡೆದುಕೊಂಡು ಮಾತಾಡುತ್ತಿದ್ದಳು. "ಮಷೀನಿನ ಸಪ್ಪಳ ಒಂಚೂರೂ ಇಲ್ರಿ, ಭಾಳ ಚಲೋ ಬಂದೈತಿ. ಆದ್ರ ನಡುವ ಯಾರೋ ಗಂಡಸ್ರು 'ನಿಂತ್ಕೋ, ಅಲ್ಲೇ ನಿಂತ್ಕೋ, ಶಾಣ್ಯಾ ಅದಿ' ಅಂತ ಯಾರನ್ನೋ ಬೇಡ್ಕೊಳ್ಳಾಕತ್ತಾರ. ಅದೊಂದೆರಡು ಪುಟ ಮತ್ತ ಓದಿ ಕಳಿಸ್ರಿ. ಮುಂದಿನ ಪುಸ್ತಕಾನೂ ನಿಮಗ ಕಳಿಸ್ತೀವಿ."

ಏರುತ್ತಿದ್ದ ಅಂಕಿಯನ್ನು ನಾನು ಬಾಯಿಬಿಟ್ಟೇ ಬೇಡಿಕೊಂಡಿದ್ದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹೆಂಡತಿ ಫೋನು ಇಟ್ಟವಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ತೋಳು ಹಿಡಿದು ಬಾಗಿಲತನಕ ಕರೆತಂದಳು. "ಮಷೀನು ಸುಮ್ಮನಾತು. ಇನ್ನ ನಿಮ್ಮನ್ನ ಎಲ್ಲಿ ಇಡೂದ್ರಿ?" ಎಂದು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಕೌದಿ ಎಳೆದುಕೊಂಡಳು.

ನೋಡಲು ಅಂಕಿ ಇರಲಿಲ್ಲ. ಕೌದಿಯ ಹಿಂದಿನಿಂದ ಆಕೆಯ ಧ್ವನಿ ಸಣ್ಣಗೆ ಕೇಳುತ್ತಿತ್ತು. ಹಕ್ಕಿಗಳು ಸಮುದ್ರ ದಾಟುವ ಪಾಠ ಅದು. ಗಾಳಿ ಎದುರಾಗಿ ಬೀಸಿದಾಗ ಗುಂಪಿನ ಮುಂದಿದ್ದ ಹಕ್ಕಿ ದಣಿಯುತ್ತದೆ ಎಂದು ಓದಿದಳು. ಇಷ್ಟು ತಿಂಗಳು ಅದೇ ಖೋಲಿಯಲ್ಲಿ ಕುಳಿತೂ ಆಕೆ ಏನು ಓದುತ್ತಾಳೆಂದು ನಾನು ಕೇಳಿಸಿಕೊಂಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಓದುತ್ತಿದ್ದಳು! ಪುಟ ತಿರುಗಿಸಲು ಆಕೆ ನಿಲ್ಲಿಸಿದಳು. ಆ ಹಕ್ಕಿಗೆ ಮುಂದೇನಾಯಿತು ಎಂದು ಕೂಗಿ ಕೇಳಬೇಕೆನ್ನಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ಕಾಯುತ್ತ ಕುಳಿತೆ.