‘ನಾಳೆ ಬಾ’ ಬರೆದ ಆಶಾರಾಣಿ

ಬೆಳಗಿನ ಐದೂ ಮುಕ್ಕಾಲು. ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲ್ ಮೆಸ್ಸೊಂದರ ಮೇಲಿನ ಮಹಡಿಯಲ್ಲಿ ಕೂತು ಆಶಾರಾಣಿ ಬಾವಿ ತೋಡುತ್ತಿದ್ದಾರೆ. ಗುದ್ದಲಿಯ ಜಾಗದಲ್ಲಿ ಮೌಸ್ ಇದೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಬೋಳು ಗುಡ್ಡ, ಅದರ ಬುಡಕ್ಕೆ ಬಾವಿ. ಇಣುಕಿದವರಿಗೆ ತಳದಲ್ಲಿ ಯಾರೋ ಕೈಬಿಟ್ಟ ಹಿತ್ತಾಳೆ ಕೊಡ ಕಾಣಬೇಕು. ಕೊಡದ ಕಂಠದ ಮೇಲೆ ಯಾರ ಹೆಸರು ಕೊರೆಸಿರಬೇಕು ಎಂದು ಹತ್ತು ನಿಮಿಷದಿಂದ ಯೋಚಿಸುತ್ತಿದ್ದಾರೆ. ಕೆಳಗೆ ಮೆಸ್ಸಿನವರು ಒಗ್ಗರಣೆ ಹಾಕುತ್ತಾರೆ, ಘಾಟು ಮೇಲೇರುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಸೀನುತ್ತೇನೆ, ಅವರು ಸೀನುವುದಿಲ್ಲ.

‘ಆರೂವರೆಗೆ ಜನ ಬರೋಕೆ ಶುರು ಮಾಡ್ತಾರ್ರಿ. ಅಷ್ಟ್ರಾಗೆ ಒಂಬತ್ತು ಹೊಸಾವು ಇಡ್ಬೇಕು. ಇದು ಆರ್ನೇದು’ ಎನ್ನುತ್ತಾರೆ, ಕಣ್ಣು ತೆಗೆಯದೆ.

ಅವರು ಕೆಲಸ ಮಾಡುವುದು ‘ಕಾಣದ ಸೀಮೆ’ ಎಂಬ ಆನ್‌ಲೈನ್ ಆಟಕ್ಕೆ. ಮೊಬೈಲಿನಲ್ಲಿ ಆಡುವ ಈ ಆಟದಲ್ಲಿ ಹೊಡೆದಾಟವಿಲ್ಲ, ಗೆಲ್ಲುವುದೂ ಇಲ್ಲ. ಸುಮ್ಮನೆ ಅಲೆಯುವುದು, ಗುಡ್ಡ ಹತ್ತುವುದು, ಗವಿ ಹೊಗುವುದು, ಕಂಡದ್ದನ್ನು ನೋಡಿಕೊಂಡು ಬರುವುದು. ಕೇಳಲು ಚೆಂದ. ಆದರೆ ಒಮ್ಮೆ ನೋಡಿದ ಗುಡ್ಡವನ್ನು ನೋಡಲು ಮತ್ತೆ ಯಾರು ಬರುತ್ತಾರೆ? ಬರಬೇಕು ಎಂದರೆ ರಾತ್ರಿ ಬೆಳಗಾಗುವುದರೊಳಗೆ ಅಲ್ಲಿ ಏನಾದರೂ ಹೊಸದು ಹುಟ್ಟಿರಬೇಕು. ಹುಟ್ಟಿಸುವವರು ಆಶಾರಾಣಿ. ಆಟದಲ್ಲಿ ಎಲ್ಲಿಯೂ ಇವರ ಹೆಸರಿಲ್ಲ.

‘ಬೀಗರೂಟ ಬಡಿಸಿದಂಗೆ ಬಡಿಸ್ಬಾರ್ದ್ರಿ. ಹೊಟ್ಟಿ ಬಿರಿಯಂಗೆ ಉಂಡೋರು ಮರುದಿನ ಬರಲ್ಲ. ಹಸ್ಕೊಂಡು ಎದ್ದೋರೂ ಬರಲ್ಲ. ಇನ್ನೊಂದು ತುತ್ತು ಬೇಕಿತ್ತು ಅನ್ನೋವಾಗ ಕೈ ತೊಳಿಸ್ಬೇಕು’ ಎಂದು ತಮ್ಮ ವಿದ್ಯೆಯನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ.

ಮೂವತ್ತೆಂಟರ ಆಶಾರಾಣಿ ಹುಟ್ಟಿದ್ದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ. ಖಾಸಗಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಹೇಳಿಕೊಟ್ಟರು. ಕೊರೊನಾ ಬಂತು, ಶಾಲೆ ಕನ್ನಡ ಮಾಧ್ಯಮದ ತರಗತಿಗಳನ್ನೇ ಮುಚ್ಚಿತು. ಆಟದ ಮಾತುಗಳನ್ನು ಕನ್ನಡಕ್ಕೆ ತರುವವರು ಬೇಕೆಂದು ಯಾರೋ ಹೇಳಿದ್ದಕ್ಕೆ ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಈಗ ಹರಿಹರದಲ್ಲಿ ತಾಯಿಯೊಂದಿಗೆ ಬಾಡಿಗೆ ಮನೆ; ನಸುಕಿನ ಮೊದಲ ಬಸ್ಸು. ಬಲ ಮಣಿಕಟ್ಟು ಊದಿಕೊಂಡಿದೆ, ಪಟ್ಟಿ ಸುತ್ತಿದ್ದಾರೆ. ‘ಮಗಳು ಏನು ಕೆಲ್ಸ ಮಾಡ್ತಾಳೆ ಅಂತ ಕೇಳಿದ್ರೆ, ಕಂಪ್ಯೂಟರ್‌ನಾಗೆ ಗುಂಡಿ ತೋಡ್ತಾಳೆ ಅಂತಾಳ್ರಿ ನಮ್ಮವ್ವ’ ಎಂದು ನಗುತ್ತಾರೆ. ಆ ನಗು ಬೇಗ ಆರುತ್ತದೆ.

ಗೋಡೆಯ ಬಿಳಿ ಹಲಗೆಯ ಮೇಲೆ ಒಂದೇ ಒಂದು ಅಂಕಿ ಇದೆ: 11. ಹೊಸದಾಗಿ ಆಟಕ್ಕೆ ಬಂದ ನೂರು ಜನರಲ್ಲಿ ತಿಂಗಳಾದ ಮೇಲೂ ಬರುತ್ತಿರುವವರು ಹನ್ನೊಂದು. ತಿಂಗಳ ಕೊನೆಗೂ ಅದು ಹನ್ನೆರಡಕ್ಕಿಂತ ಕಡಿಮೆ ಇದ್ದರೆ ಕನ್ನಡದ ಆಟವನ್ನೇ ನಿಲ್ಲಿಸುತ್ತೇವೆ ಎಂದು ಮುಖ್ಯ ಕಚೇರಿಯವರು ಹೇಳಿದ್ದಾರೆ. ನಿಂತರೆ ಇಲ್ಲಿನ ಏಳು ಜನ ಮನೆಗೆ. ಈ ತಿಂಗಳು ಮುಗಿಯಲು ಒಂಬತ್ತು ದಿನ ಇದೆ.

ಈ ಹಲಗೆಯ ಮೇಲೆ ಒಮ್ಮೆ ಹದಿನಾಲ್ಕು ಇತ್ತು. ಅದನ್ನು ತಂದುಕೊಟ್ಟದ್ದು ಆಶಾರಾಣಿಯ ಒಂದು ಎಡವಟ್ಟು.

ಎರಡು ವರ್ಷದ ಹಿಂದಿನ ಮಾತು. ಗುಡ್ಡದ ನೆತ್ತಿಯಲ್ಲಿ ಒಂದು ಬಾಗಿಲು ಬರೆದಾಗಿತ್ತು, ಅದರ ಹಿಂದಿನ ಕೋಣೆ ಮುಖ್ಯ ಕಚೇರಿಯಿಂದ ಬರಬೇಕಿತ್ತು, ಬರಲಿಲ್ಲ. ಗಂಟೆ ಆರು ದಾಟಿತ್ತು. ಜನ ಬಂದು ಬಾಗಿಲು ತಟ್ಟಿದರೆ ಏನು ಮಾಡುವುದು? ಆ ಗಡಿಬಿಡಿಯಲ್ಲಿ ಇವರು ಬಾಗಿಲ ಮೇಲೆ ಇದ್ದಿಲಿನಲ್ಲಿ ಗೀಚಿದಂತೆ ‘ನಾಳೆ ಬಾ’ ಎಂದು ಬರೆದುಬಿಟ್ಟರು. ‘ನಮ್ಮಜ್ಜಿ ಮನಿ ಬಾಗ್ಲ ಮ್ಯಾಲೆ ಇತ್ತಲ್ರಿ, ಕೈ ತಾನೇ ಬರೀತು.’

ಅದು ದೆವ್ವಕ್ಕೆ ಬರೆಯುತ್ತಿದ್ದ ಮಾತು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲು ಬಡಿಯಲು ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಓದಿ ಮತ್ತೆ ಹಿಂದಿರುಗಬೇಕು. ಮನೆಯವರು ಬರಬೇಡ ಎನ್ನುವುದಕ್ಕೆ ಬರೆದದ್ದನ್ನು ಕನ್ನಡ ಬಾರದ ಮುಖ್ಯ ಕಚೇರಿ ‘ಬಾ’ ಎಂದು ಓದಿಕೊಂಡಿತು, ಭೇಷ್ ಎಂದಿತು. ಒಳಗೇನಿದೆ ಎಂಬ ಕುತೂಹಲಕ್ಕೆ ಜನ ದಿನವೂ ಬಂದರು, ಅಂಕಿ ಏರಿತು. ಕೋಣೆ ನಾನೇ ಕಟ್ಟುತ್ತೇನೆ ಎಂದು ಆಶಾರಾಣಿ ಕೇಳಿದಾಗಲೆಲ್ಲ ಇಲ್ಲಿನ ಮ್ಯಾನೇಜರ್ ರವಿಚಂದ್ರ ಬೇಡವೆಂದರು. ‘ನಾನೇನ್ ಕಲ್ಲಲ್ಲ ಸರ್. ಏಳು ಮನಿ ಒಲಿ ಆ ಬಾಗ್ಲಿಂದ ಉರೀತೈತೆ. ತೆಗೆದ ದಿನ ಎಲ್ಲಾ ನೋಡ್ತಾರೆ, ಮರುದಿನ ಯಾರು ಬರ್ತಾರೆ?’ ಎಂದು ರವಿಚಂದ್ರ ನನ್ನನ್ನೇ ಕೇಳುತ್ತಾರೆ.

ಹಾಗೆ ದಿನವೂ ಬಂದವರಲ್ಲಿ ಒಬ್ಬರು ಹರಿಹರದ ಕೊಟ್ಟೂರಪ್ಪ. ಕಾರ್ಖಾನೆಯ ಕೆಲಸದಲ್ಲಿದ್ದಾಗ ಮೇಲಿಂದ ಬಿದ್ದು ಬೆನ್ನು ಮುರಿದು, ಆರು ವರ್ಷ ಹಾಸಿಗೆ ಬಿಟ್ಟು ಏಳದ ಮನುಷ್ಯ. ಬಾಗಿಲ ಪಕ್ಕದಲ್ಲಿ ಬಂದವರು ಒಂದು ಸಾಲು ಬರೆದಿಟ್ಟು ಹೋಗಬಹುದು. ಆರೂವರೆಗೆ ಸರಿಯಾಗಿ ಬಂದು ಅವರು ಬರೆಯುತ್ತಿದ್ದದ್ದು ಒಂದೇ: ‘ದೆವ್ವ ಬಂದಿತ್ತು, ಹೋಯ್ತು. ಕೊಟ್ಟೂರಪ್ಪ, ಹರಿಹರ.’ ನಾನೂರ ಹನ್ನೆರಡು ದಿನ ಹೀಗೇ ಬರೆದವರು ಕಳೆದ ಆಷಾಢದಲ್ಲಿ ಒಂದು ದಿನ ಬೇರೆ ಬರೆದರು. ‘ಡಾಕ್ಟ್ರು ನನಗೆ ನಾಳೆ ಅನ್ನೋದು ಬಿಟ್ಟಾರೆ. ನೀವೂ ಬಿಡ್ರಿ.’ ಕೆಳಗೆ ಫೋನ್ ನಂಬರು.

ಆಶಾರಾಣಿ ಆ ಭಾನುವಾರ ಅವರ ಮನೆ ಹುಡುಕಿಕೊಂಡು ಹೋದರು. ಹೆಂಡತಿ ಅನ್ನಪೂರ್ಣಮ್ಮ ಚಹಾ ಕೊಟ್ಟರು. ಬಾಗಿಲು ಬರೆದಾಕೆ ಈಕೆಯೇ ಎಂದು ತಿಳಿದು ಕೊಟ್ಟೂರಪ್ಪ ತಲೆಯೆತ್ತಲು ನೋಡಿದರಂತೆ. ‘ಒಳಗ ಏನೈತವ್ವ?’ ಎಂದು ಕೇಳಿದರಂತೆ.

‘ನಾಳೆ ಹೇಳ್ತೀನಿ ಅಂದ್ಬಿಟ್ಟೆ ಕಣ್ರಿ’ ಎನ್ನುವಾಗ ಆಶಾರಾಣಿಯ ಕೈ ಮೌಸಿನ ಮೇಲೆ ನಿಂತುಹೋಗುತ್ತದೆ. ‘ಏನೂ ಇಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಒಂದು ಹೊಳಿ ಐತೆ, ತ್ವಾಟ ಐತೆ ಅನ್ಬೋದಿತ್ತಲ್ಲ. ದಿನಾ ಒಂಬತ್ತು ಕಥಿ ಕಟ್ಟೋಳಿಗೆ ಅವತ್ತು ಒಂದು ಸುಳ್ಳು ಹುಟ್ಲಿಲ್ಲ.’

ಆಶಾರಾಣಿ ಮತ್ತೆ ಹೋಗುವ ಮೊದಲೇ, ಬುಧವಾರ ಕೊಟ್ಟೂರಪ್ಪ ತೀರಿಕೊಂಡರು. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ರವಿಚಂದ್ರರ ಮೇಲೆ ಹಾಕೋಣವೆಂದರೆ ಆ ಮನುಷ್ಯನೂ ಸಂಬಳಕ್ಕೆ ಇರುವವರೇ.

ಹದಿಮೂರನೆಯ ದಿನ ಬೆಳಗ್ಗೆ ಆರೂವರೆಗೆ ಕೊಟ್ಟೂರಪ್ಪ ಮತ್ತೆ ಬಾಗಿಲ ಮುಂದೆ ಬಂದು ನಿಂತರು. ತಟ್ಟಿದರು, ಏನೂ ಬರೆಯಲಿಲ್ಲ, ಹೋದರು. ಮರುದಿನವೂ ಹಾಗೇ. ಫೋನ್ ಮಾಡಿದರೆ ಎತ್ತಿದ್ದು ಅನ್ನಪೂರ್ಣಮ್ಮ. ಅವರಿಗೆ ಓದು ಬಾರದು. ಕೈ ನಡುಗಿದಾಗ ಗಂಡ ಎಲ್ಲೆಲ್ಲಿ ಒತ್ತಬೇಕೆಂದು ತೋರಿಸಿ ಇವರಿಂದ ಒತ್ತಿಸುತ್ತಿದ್ದರಂತೆ. ಆ ದಾರಿಯಲ್ಲೇ ಬೆರಳು ನಡೆಸಿಕೊಂಡು ಗುಡ್ಡ ಹತ್ತಿ ಬರುತ್ತಾರೆ.

ಈಗ ಅಂಕಿ ಹನ್ನೊಂದಕ್ಕೆ ಇಳಿದಿದೆ. ಕಾದು ಕಾದು ಜನಕ್ಕೂ ಸಾಕಾಗಿದೆ. ಬಾಗಿಲು ತೆರೆಯುತ್ತೇವೆಂದು ಸಾರಿ ಹೇಳಿದರೆ ಬಿಟ್ಟುಹೋದವರು ಒಂದು ಸಲವಾದರೂ ಬಂದಾರು, ಈ ತಿಂಗಳು ದಾಟೀತು ಎಂದು ರವಿಚಂದ್ರರೇ ಬರುವ ಸೋಮವಾರವನ್ನು ಗೊತ್ತುಮಾಡಿದ್ದಾರೆ. ಎರಡು ವರ್ಷ ಬೇಡವೆಂದ ಕೋಣೆಯನ್ನು ಆಶಾರಾಣಿ ಮೂರು ದಿನದಲ್ಲಿ ಕಟ್ಟಿ ಮುಗಿಸಿದ್ದಾರೆ. ಮೊದಲು ಅನ್ನಪೂರ್ಣಮ್ಮನವರೇ ಒಳಗೆ ಕಾಲಿಡಲಿ ಎಂದು ಹೇಳಲು ನಿನ್ನೆ ಸಂಜೆ ಹರಿಹರದ ಅವರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಕೇಳಿದ ಅನ್ನಪೂರ್ಣಮ್ಮ ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡರು.

‘ತೆಗೀಬ್ಯಾಡ ಕಣವ್ವ’ ಎಂದರು. ‘ಅವ್ರು ಹೋದಾಗ್ಲಿಂದ ನನಗ ನಾಳೆ ಬಾ ಅನ್ನೋದು ಅದೊಂದೇ ಬಾಗ್ಲು.’

ತೆರೆಯದಿದ್ದರೆ ಆಟವೇ ಮುಚ್ಚುತ್ತದೆ, ಗುಡ್ಡವೂ ಬಾಗಿಲೂ ಎರಡೂ ಹೋಗುತ್ತವೆ. ಅದನ್ನು ಆ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಆಶಾರಾಣಿ ಹೇಳಲಿಲ್ಲ. ಇವತ್ತು ಆರಕ್ಕೇ ಬಂದ ರವಿಚಂದ್ರರ ಮೇಜಿನ ಮುಂದೆ ನಿಂತು ಒಂದೇ ಮಾತು ಕೇಳುತ್ತಾರೆ: ಸೋಮವಾರ ಎಲ್ಲರಿಗೂ ಬಾಗಿಲು ತೆರೆಯಲಿ, ಆ ಒಂದು ಫೋನಿನಲ್ಲಿ ಮಾತ್ರ ಮುಚ್ಚಿಯೇ ಇರಲಿ. ರವಿಚಂದ್ರ ಹಲಗೆಯ ಅಂಕಿಯನ್ನೊಮ್ಮೆ ನೋಡುತ್ತಾರೆ. ‘ಮಾಡ್ರಿ, ಮ್ಯಾಲಿನೋರಿಗೆ ಹೇಳ್ಬ್ಯಾಡ್ರಿ’ ಎನ್ನುತ್ತಾರೆ.

ಸೋಮವಾರ ಜನ ಬಂದರೂ ಉಳಿಯುವುದು ಒಂದು ತಿಂಗಳು, ಹೆಚ್ಚೆಂದರೆ ಎರಡು ಎಂದು ಇಬ್ಬರಿಗೂ ಗೊತ್ತಿದೆ. ಆರೂವರೆಗೆ ಐದು ನಿಮಿಷವಿದೆ. ಏಳು, ಎಂಟು, ಒಂಬತ್ತು ಇಟ್ಟಾಗಿದೆ. ಹೊರಡುವ ಮುನ್ನ, ನಿಮಗೇನು ಆಗಬೇಕು, ಆಟದಲ್ಲಿ ಹೆಸರು ಹಾಕಿಸಬೇಕೇ ಎಂದು ಕೇಳುತ್ತೇನೆ.

‘ಹೆಸ್ರು ಯಾಕ್ರಿ’ ಎನ್ನುತ್ತಾರೆ ಆಶಾರಾಣಿ. ‘ಆಯಮ್ಮನಿಗಿಂತ ಒಂದು ದಿನ ಜಾಸ್ತಿ ಬದುಕ್ಲಿ ಈ ಆಟ. ಅಷ್ಟು ಸಾಕು.’